ಬಾಳೆಹಣ್ಣಿನ ಚಿತ್ರ

ಮನೆಗೆ ಹತ್ತಿರ, ಆಡೋಕೆ ಮೈದಾನವೂ ಇದೆ, ಇದೇ ಶಾಲೆ ಆಗಿಬಿಡಲಿ ಅಂತ ಅಮ್ಮ ಅಂದುಕೊಂಡಿದ್ದಳು. ಆದರೆ ಮಗಳು ಈ ಐದನೇ ಶಾಲೆಯಲ್ಲೂ ಬಾಯಿ ಬಿಡಲಿಲ್ಲ. ಪ್ರಿನ್ಸಿಪಾಲರು ಬಾಳೆಹಣ್ಣಿನ ಚಿತ್ರ ತೋರಿಸಿ "ಇದೇನು?" ಎಂದರೆ ಫ್ಯಾನ್ ನೋಡುತ್ತ ಕೂತಳು.

"ಮನೇಲಿ ಎಲ್ಲ ಪಟಪಟ ಅಂತ ಹೇಳ್ತಾಳೆ ಮೇಡಂ."

"ಎಲ್ಲ ತಾಯಂದಿರೂ ಹಾಗೇ ಹೇಳ್ತಾರಮ್ಮ. ಮುಂದಿನ ವರ್ಷ ನೋಡೋಣ."

ಹೊರಗೆ ಬಿಸಿಲು ಏರಿತ್ತು. ಗೇಟಿನ ಪಕ್ಕ ಅಪ್ಪ ಮೂವರಿಗೂ ಎಳನೀರು ಕೊಡಿಸಿದ. ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆ ನಿಂತು ಕುಡಿದರು. ಮಗಳು ಎಳನೀರಿನ ಗಂಜಿಯನ್ನು ಚೂರು ಚೂರೇ, ನಿಧಾನವಾಗಿ ತಿಂದಳು.

"ಶನಿವಾರ ಇನ್ನೊಂದು ಶಾಲೆ ಇದೆ," ಎಂದಳು ಅಮ್ಮ, ಅವನ ಮುಖ ನೋಡದೆ. "ಅಲ್ಲೂ ಅಪ್ಪ ಅಮ್ಮ ಇಬ್ಬರೂ ಬರಲೇಬೇಕಂತೆ."

"ಬರ್ತೀನಿ. ಗೇಟಿನ ಹತ್ತಿರ ಕಾಯ್ತಿರ್ತೀನಿ," ಎಂದು ಅಪ್ಪ ಮಗಳ ತಲೆ ಸವರಿ, ಬೈಕ್ ಹತ್ತಿ ತನ್ನ ರೂಮಿನ ಕಡೆ ಹೊರಟ.

ಆಟೋದಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಬಾಳೆಹಣ್ಣು ಅನ್ನೋಕೆ ಏನಾಗಿತ್ತು ಪುಟ್ಟಿ ನಿಂಗೆ?"

ಮಗಳು ಬೈಕ್ ಹೋದ ದಾರಿಯನ್ನೇ ನೋಡುತ್ತಿದ್ದಳು.

"ಸೀಟು ಸಿಕ್ಕಿಬಿಟ್ರೆ ಅಪ್ಪ ಬರೋದೇ ಇಲ್ವಲ್ಲಮ್ಮ."