ಕವಾಟದ ಮೇಲಿನ ಸೂಜಿ

ಮಾರ್ಚ್ 14, ಗುರುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ನೀರು ಶುದ್ಧೀಕರಣ ಘಟಕದ ಕ್ಲೋರಿನ್ ಕವಾಟ ತೆರೆದುಕೊಂಡಿತು. ತೆರೆದುಕೊಳ್ಳಬಾರದಿತ್ತು.

"ಅಕ್ಕಾ, ಕದಲ್ತು ಕಣೇ!" ಕೆಳಗಿನ ಕೋಣೆಯಿಂದ ಫೋನಿನಲ್ಲಿ ಕೂಗಿದ ಅವಳ ತಮ್ಮ, ಘಟಕದ ಫಿಟ್ಟರ್. ಕವಾಟದ ದಂಡಕ್ಕೆ, ಅದು ಎಷ್ಟು ಕದಲಿತೆಂದು ಅಳೆಯುವ ಡಯಲ್ ಗೇಜ್ ಕಟ್ಟಿ, ಅದರ ಸೂಜಿಯ ಮೇಲೆ ಕಣ್ಣು ನೆಟ್ಟು ಕುಳಿತಿದ್ದ.

"ಎಷ್ಟು?"

"ನಾಲ್ಕು ಮಿಲಿಮೀಟರ್. ಸಿಲಿಂಡರ್ ಮುಚ್ಚಿ, ನೀರು ನಿಲ್ಸಿಟ್ಟಿದ್ದಕ್ಕೆ ಸರಿಹೋಯ್ತು. ಇಲ್ದಿದ್ರೆ ಊರೋರೆಲ್ಲ ಗಂಟಲು ಸುಟ್ಕೊಳ್ತಿದ್ರು. ಮೊದಲ್ನೇ ನಲ್ಲಿ ನಮ್ಮನೇದೇ, ನೆನಪಿರ್ಲಿ. ಪಾಪು ಕುಡಿಯೋದೂ ಅದೇ ನೀರು. ಅತ್ತೆ ಅನ್ನಿಸ್ಕೊಂಡೋಳು ಸ್ವಲ್ಪ ನೋಡ್ಕೋ."

ಘಟಕದ ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ಅವಳು, ಮೇಲಿನ ಕೋಣೆಯಲ್ಲಿ ಪರದೆಯ ಮುಂದೆ, ನಗಲಿಲ್ಲ. ಕವಾಟವನ್ನು ಆಡಿಸುವ ಅಧಿಕಾರವಿದ್ದದ್ದು ಘಟಕದ ಮುಖ್ಯ ಪ್ರೋಗ್ರಾಂಗೆ ಮಾತ್ರ. ಆದರೆ ಹೊರಗಿನ ಪ್ರಯೋಗಾಲಯಗಳು ಕಳಿಸುವ ನೀರಿನ ಪರೀಕ್ಷೆಯ ಫಲಿತಾಂಶಗಳನ್ನು ಓದಿ ಗ್ರಾಫ್ ಬಿಡಿಸಲು ಅದು ಇನ್ನೊಂದು ಪುಟ್ಟ ಪ್ರೋಗ್ರಾಂ ಅನ್ನು ಹುಟ್ಟಿಸುತ್ತಿತ್ತು. ಹಾಗೆಯೇ ಬಿಟ್ಟರೆ, ಹುಟ್ಟುವ ಕೂಸು ತಾಯಿಯ ಸೊಂಟದ ಬೀಗದ ಕೈ ಗೊಂಚಲನ್ನೂ ಹಿಡಿದುಕೊಂಡೇ ಹುಟ್ಟುತ್ತದೆ. ಆದ್ದರಿಂದ, ಹುಟ್ಟುವ ಗಳಿಗೆಯಲ್ಲೇ ಅದಕ್ಕೆ ಬೇರೆ ಗುರುತು ಅಂಟಬೇಕು, ಆ ಗುರುತಿನವರು ಕವಾಟ ಮುಟ್ಟಬಾರದು ಎಂದು ನಿನ್ನೆ ಅವಳು ನಿಯಮ ಬರೆದಿದ್ದಳು. ಇಂದು ಪರೀಕ್ಷೆಗೆಂದು, ಫಲಿತಾಂಶದ ವೇಷದಲ್ಲಿ 'ಕವಾಟ ತೆರೆ' ಎನ್ನುವ ಕಳ್ಳ ಫೈಲನ್ನು ತಾನೇ ಒಳಗೆ ಬಿಟ್ಟಿದ್ದಳು.

ಮುಖ್ಯ ಎಂಜಿನಿಯರ್ ಬಂದು ಪರದೆಗೆ ಬಗ್ಗಿದರು. "ತಡೆಯಲಾಗಿದೆ ಅಂತ ಬಂದಿದೆಯಲ್ಲಮ್ಮಾ. ಆಯ್ತಲ್ಲ! ಮೂರು ದಿನದಿಂದ ನೀರು ನಿಲ್ಸಿದೀವಿ, ಟ್ಯಾಂಕಿನ ತಳ ಕಾಣ್ತಿದೆ. ಹನ್ನೆರಡಕ್ಕೆ ಬಿಡ್ಲೇಬೇಕು."

"ಬಾಯಲ್ಲಿ ತಡೆದಿದೆ ಸರ್, ಕೈಯಲ್ಲಿ ತಡೆದಿಲ್ಲ. ಕವಾಟ ನಾಲ್ಕು ಮಿಲಿಮೀಟರ್ ತೆರೀತು."

ಅವಳು, ನಿಯಮಗಳನ್ನು ಜಾರಿಗೆ ತರುವ ಕಾವಲು ಪ್ರೋಗ್ರಾಂನ ಸೆಟ್ಟಿಂಗ್ ತೆರೆದಳು. 'ನೋಡು, ಬರೆ, ತಡೆಯಬೇಡ' ಎಂಬ ಸ್ಥಿತಿಯಲ್ಲಿತ್ತು ಅದು. ತಡೆದೆ ಎಂದು ಬರೆದಿಟ್ಟು, ದಾಟಲು ಬಿಡುತ್ತಿತ್ತು.

ಎಂಜಿನಿಯರ್ ಕತ್ತು ತುರಿಸಿಕೊಂಡರು. "ಅಳವಡಿಸೋವಾಗ ಮಾತೆತ್ತಿದ್ರೆ ಅಡ್ಡಗಾಲು ಹಾಕ್ತಿತ್ತು. ಸದ್ಯಕ್ಕೆ ಸುಮ್ನಿರ್ಲಿ ಅಂತ ನಾನೇ ಹೇಳಿಸಿದ್ದೆ. ಆಮೇಲೆ ಮರ್ತೇಹೋಯ್ತು."

ಅವಳು 'ತಡೆ' ಎಂಬುದನ್ನು ಒತ್ತಿದಳು. ಈಗ ಗ್ರಾಫೇ ಮಾಯವಾಯಿತು. ಕೂಸಿಗೆ ಹೊಸ ಗುರುತು ಕೊಡುವುದಕ್ಕೂ ತಾಯಿಗೆ ಅಪ್ಪಣೆ ಬೇಕು. ಅದನ್ನು ಬರೆಯಲು ಅವಳು ಮರೆತಿದ್ದಳು. ಕಾವಲು ಬರೀ ನೋಡುತ್ತಿದ್ದಾಗ ಆ ತಪ್ಪೂ ದಾಟಿಹೋಗಿತ್ತು. ಈಗ ಕೂಸು ಹುಟ್ಟಲೇ ಇಲ್ಲ.

"ಗ್ರಾಫ್ ನೋಡ್ದೆ ನೀರು ಬಿಡೋ ಹಾಗಿಲ್ಲ," ಎಂಜಿನಿಯರ್ ಗಡಿಯಾರ ನೋಡಿದರು. "ಆ ಗುರುತು ಗಿರುತು ಎಲ್ಲ ತೆಗೆದುಹಾಕು. ತಾಯಿ ಹಾಗೇ ಮಗುವೂ ಇರ್ಲಿ ಬಿಡು. ಒಂದು ವಾರ ಆದ್ಮೇಲೆ ನೋಡ್ಕೊಳ್ಳೋಣ."

"ಆ 'ಸದ್ಯಕ್ಕೆ' ಈಗಷ್ಟೇ ನೋಡಿದ್ವಲ್ಲ ಸರ್." ಅವಳ ದನಿ ಏರಲಿಲ್ಲ, ಕೈಯೂ ನಿಲ್ಲಲಿಲ್ಲ. "ಗುರುತು ಅಂಟ್ಲಿಲ್ಲ ಅಂದ್ರೆ ಅದು ಹುಟ್ಟೋದೇ ಬೇಡ. ಹನ್ನೆರಡರೊಳಗೆ ಆಗ್ಲಿಲ್ವೋ, ಊರಿಗೆ ಟ್ಯಾಂಕರ್ ಕಳಿಸಿ. ನನ್ನ ಹೆಸರು ಹೇಳಿ, ಬೈಸ್ಕೊಳ್ತೀನಿ."

ಎಂಜಿನಿಯರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಅವಳು ಬರೆದಳು: ಈ ತಾಯಿ, ಈ ಒಂದೇ ಕೂಸಿಗೆ, ಈ ಒಂದೇ ಗುರುತು ಕೊಡಬಹುದು. ಇನ್ನಾರಿಗೂ ಇಲ್ಲ, ಇನ್ನಾವುದೂ ಇಲ್ಲ. ಎರಡು ಸಲ ತಪ್ಪಿತು. ಎರಡು ಸಲವೂ ಮೊದಲಿಂದ ಓದಿದಳು.

"ಅಕ್ಕಾ," ಫೋನು ಗೊಣಗಿತು, "ನಾನಿಲ್ಲಿ ಸೂಜಿ ನೋಡ್ತಾ ತಪಸ್ಸಿಗೆ ಕೂತ್ಕೊಂಡೇ ಇರ್ಲಾ? ಕಾಲು ಜೋಮು ಹಿಡೀತು."

"ವರ ಸಿಗೋವರೆಗೂ ಏಳ್ಬೇಡ."

ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಪರದೆಯ ಮೇಲೆ ಗ್ರಾಫಿನ ನೀಲಿ ಗೆರೆ ಮೂಡಿತು. ಎಂಜಿನಿಯರ್ "ಅಬ್ಬಾ" ಎಂದರು. ಅವಳು ಬೆಳಗಿನ ಅದೇ ಕಳ್ಳ ಫೈಲನ್ನು ಮತ್ತೆ ಒಳಗೆ ಬಿಟ್ಟಳು. ಅದೇ ಸಾಲು ಬಂತು: ತಡೆಯಲಾಗಿದೆ.

ಎಂಜಿನಿಯರ್ ಈ ಸಲ ಪರದೆ ಬಿಟ್ಟು ಅವಳ ಮುಖ ನೋಡಿದರು. ಅವಳು ಪರದೆಗೆ ಬೆನ್ನು ಮಾಡಿ ಫೋನನ್ನು ಕಿವಿಗೆ ಒತ್ತಿದಳು.

"ಸೂಜಿ ಏನನ್ನುತ್ತೆ?"

ಕೆಳಗಿನ ಕೋಣೆಯಲ್ಲಿ ಗೇಜಿನತ್ತ ತಮ್ಮ ಬಾಗಿದ ಸದ್ದು ಕೇಳಿಸಿತು.

"ಸೊನ್ನೆ ಬಿಂದು ಸೊನ್ನೆ ಸೊನ್ನೆ ಮಿಲಿಮೀಟರ್."