ಐದನೆಯ ಬಾಯಿ

ಆಸಿಮ ಮೂರನೆಯ ಸಲವೂ ಹೆಸರು ಹೇಳಲಿಲ್ಲ.

"ಆ ಹೊತ್ತಿನಾಗ ನಾ ಹಳಿಯಾಳದಾಗ ಇದ್ನಿರಿ. ಆಟೊದಾಗ ಒಬ್ಬರು ಬಂದಿದ್ರು," ಎಂದ. "ಅವರು ಯಾರಂತ ನಾ ಹೇಳೂದಿಲ್ಲ. ಹೇಳೂದಿದ್ರ ಅವರ ಹೇಳಬೇಕು."

ಐವರು ಪಂಚರು ಅವನನ್ನು ನೋಡಿದರು. ಅವನು ನೆಲ ನೋಡಿದ.

ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕೆ ಪಾಳಿ ಇದ್ದಂತೆ ದಾಂಡೇಲಿಯ ಆ ಓಣಿಯಲ್ಲಿ ನ್ಯಾಯಕ್ಕೂ ಪಾಳಿ ಇತ್ತು. ತಕರಾರು ಬಂದಾಗ ಸಾಲಿನಲ್ಲಿ ಮುಂದಿನ ಐದು ಮನೆಗಳಿಂದ ಒಬ್ಬೊಬ್ಬರು ಬಂದು ಕಟ್ಟೆಯ ಮೇಲೆ ಕೂಡಬೇಕು. ಯಾರಿಗೂ ಬೇಡದ ಕೆಲಸ. ಪಾಳಿ ಹತ್ತಿರ ಬಂತೆಂದರೆ ಕೆಲವರಿಗೆ ಉಳವಿಯ ಹರಕೆ ನೆನಪಾಗುತ್ತಿತ್ತು, ಕೆಲವರಿಗೆ ಸೊಂಟ ಹಿಡಿಯುತ್ತಿತ್ತು. ದ್ರಾಕ್ಷಾಯಣಿಯೂ ಜ್ವರವೆಂದು ಮುಸುಕು ಹೊದ್ದು ನೋಡಿದ್ದಳು. ಗಂಡ ಶರಣಬಸವ ಹಣೆ ಮುಟ್ಟಿ, ತಣ್ಣಗಿದೆ ಏಳು, ಹೋದ ಸಲ ನಾನು ಕೂತಿದ್ದೆ, ಈ ಸಲ ನೀನು ಎಂದಿದ್ದ.

ಐದೂ ಬಾಯಿ ಒಂದಾದರೆ ಮಾತ್ರ ತೀರ್ಪು. ಒಬ್ಬರು ಒಲ್ಲೆ ಎಂದರೂ ಆರೋಪ ಬಿದ್ದುಹೋಗುತ್ತದೆ. ಆದರೆ ಒಲ್ಲೆ ಎಂದವರು ಎಲ್ಲರೆದುರು ಕಾರಣ ಕೊಡಬೇಕು.

ಇವತ್ತು ತೀರ್ಮಾನವಾಗಬೇಕಾದದ್ದು ಒಂದೇ: ಓಣಿಯ ಮಕ್ಕಳನ್ನು ಆಟೊದಲ್ಲಿ ಶಾಲೆಗೆ ಒಯ್ಯುವ ಕೆಲಸ ಆಸಿಮನಿಗೆ ಇರಬೇಕೋ ಬೇಡವೋ. ತಂದೆ ಗನಿಸಾಬ ತೀರಿಕೊಂಡ ಮೇಲೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಅದರಿಂದಲೇ.

ಶುಕ್ರವಾರ ಮಧ್ಯಾಹ್ನ ಸೇತುವೆಯ ಹತ್ತಿರ ಹೂ ಮಾರುವ ಗೋದುಬಾಯಿಗೆ ಒಂದು ಆಟೊ ಬಡಿದು, ನಿಲ್ಲದೆ ಹೋಗಿತ್ತು. ಕಾಲು ಮುರಿದುಕೊಂಡ ಮುದುಕಿಗೆ ನಂಬರು ಕಂಡಿರಲಿಲ್ಲ. ಪೊಲೀಸರು ಇನ್ನೂ ಹುಡುಕುತ್ತಿದ್ದರು. 'ಸುದ್ದಿ ದೀಪ' ಎಂಬ ಮೊಬೈಲ್ ಚಾನೆಲ್ ಮಾತ್ರ ಸಂಜೆಯೊಳಗೆ ಹುಡುಕಿ ಮುಗಿಸಿತ್ತು. ಹಿಂದೆ ಡೋಲಿನ ಸದ್ದು, ಮುಂದೆ ಆಸಿಮನ ಫೋಟೊ. ಆಟೊದ ತುಂಬ ಗೋವಾದ ಸಾರಾಯಿ ಇತ್ತಂತೆ. ಹಿಂದಿನ ಸೀಟಿನಲ್ಲಿ ಗಡ್ಡದ ಅಪರಿಚಿತನೊಬ್ಬ ಇದ್ದನಂತೆ.

ಗೋದುಬಾಯಿಯ ಹೆಸರಷ್ಟೇ ಓದಿ, ತೆರೆದು ನೋಡದೆ ಆ ವಿಡಿಯೊವನ್ನು ಓಣಿಯ ವಾಟ್ಸಾಪ್ ಗುಂಪಿಗೆ ಮೊದಲು ಕಳಿಸಿದವಳು ದ್ರಾಕ್ಷಾಯಣಿ. ಅದಕ್ಕೇ ಇರಬೇಕು, ಆಸಿಮನ ತಾಯಿ ಮುಮ್ತಾಜಳ ಕಡೆಗೆ ಕತ್ತೆತ್ತಲು ಅವಳಿಗೆ ಆಗುತ್ತಿರಲಿಲ್ಲ. ಕಳಿಸಿದ ಪಾಪವನ್ನು ತೊಳೆದುಕೊಳ್ಳುವವಳ ಹಾಗೆ ಒಂದೊಂದೇ ಪ್ರಶ್ನೆ ಕೇಳಿದಳು. ವಿಡಿಯೊದಲ್ಲಿ ನಂಬರು ಕಾಣುತ್ತದೆಯೇ? ಇಲ್ಲ. ಗಡ್ಡದವನ ಮುಖ? ಅದೂ ಇಲ್ಲ.

"ನಂಬರ್ ಯಾಕ ಬೇಕ್ರಿ?" ಎಂದ ಸೋಮಪ್ಪ. ಕಾರ್ಖಾನೆಯಿಂದ ನಿವೃತ್ತನಾದ ಅವನೂ ಪಂಚರಲ್ಲೊಬ್ಬ. "ಸಾವಿರಗಟ್ಟಲೆ ಮಂದಿ ನೋಡ್ಯಾರ. ಅಷ್ಟೂ ಮಂದಿ ಸುಳ್ಳೇನು?"

"ಅವರು ಮೊಬೈಲದಾಗ ನೋಡ್ಯಾರ, ಸೋಮಪ್ಪಣ್ಣ. ಸೇತುವಿ ಮ್ಯಾಲ ನಿಂತು ನೋಡಿಲ್ಲ."

ಹಿಂದೆ ನಿಂತ ಕೆಲವರು ನಕ್ಕರು. ಪಂಚರಲ್ಲಿ ಇನ್ನೊಬ್ಬಳಾದ ತಾಯವ್ವ, ತಾನಂತೂ ಸುದ್ದಿಯವರನ್ನು ನಂಬುವುದಿಲ್ಲ, ಬದುಕಿರುವ ತನ್ನ ಗಂಡನ ಫೋಟೊ ಹಾಕಿ ಪೇಪರಿನವರು ಶ್ರದ್ಧಾಂಜಲಿ ಕೊಟ್ಟಿದ್ದರು ಎಂದಳು. ಆದರೂ ಮಕ್ಕಳ ವಿಷಯ, ಯಾಕೆ ಬೇಕು ಎಂದೂ ಸೇರಿಸಿದಳು.

ಸೋಮಪ್ಪನಿಗೆ ನಗೆ ಚುಚ್ಚಿತ್ತು. "ಮಗಳು ಹೋದಾಗಿಂದ ನಿಮ್ಮ ಮನಸ ಭಾಳ ಮೆತ್ತಗಾಗೇತಿ ಬಿಡ್ರಿ, ಅಕ್ಕಾರ."

ದ್ರಾಕ್ಷಾಯಣಿಯ ಮಗಳು ರಾಜಶ್ರೀ ಜೊಯಿಡಾದ ಕೊಂಕಣಿ ಹುಡುಗನ ಜೊತೆ ಹೋಗಿ ಮದುವೆಯಾದದ್ದು ಓಣಿಗೆಲ್ಲ ಗೊತ್ತಿತ್ತು. ಅವಳ ಮುಖ ನೋಡಿದವರು ಈ ಹೊಸ್ತಿಲು ತುಳಿಯಬೇಡಿ ಎಂದು ಶರಣಬಸವ ಬಾಗಿಲಲ್ಲಿ ನಿಂತು ಹೇಳಿದ್ದೂ ಗೊತ್ತಿತ್ತು. ಗುಂಪಿನ ಹಿಂದಿನಿಂದ ಅವನ ಕೆಮ್ಮು ಕೇಳಿತು. ದ್ರಾಕ್ಷಾಯಣಿ ಸೆರಗು ಎಳೆದುಕೊಂಡಳು.

ಮುಮ್ತಾಜಳಿಗೆ ತಡೆಯಲಾಗಲಿಲ್ಲ. "ಹೆಸರ ಹೇಳಿಬಿಡೋ ಬೇಟಾ. ಯಾರ ಸಲುವಾಗಿ ಸಾಯಾಕತ್ತಿ?"

"ಮಾತ ಕೊಟ್ಟೇನಿ, ಅಮ್ಮೀ."

ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟವರ ಕಥೆಗಳಿರುತ್ತವಲ್ಲ, ಹಾಗೆ ಆ ಹುಡುಗನ ಅನ್ನ ಎಲ್ಲೋ ಒಬ್ಬರ ಗಂಟಲಲ್ಲಿ ಕೂತಿತ್ತು.

ದ್ರಾಕ್ಷಾಯಣಿ ಕೊನೆಯದೊಂದು ಕೇಳಿದಳು. ದನಿ ಒಡೆದಿತ್ತು. "ಅವರು ಬಂದು ಹೇಳಿದ್ರ ನೀ ಉಳೀತಿ. ಬರದಿದ್ರ?"

"ಬರದಿದ್ರ ಅವರಿಗೂ ಏನೋ ಅಡಚಣಿ ಇರಬೇಕ್ರಿ, ಕಾಕೂ."

ಪಂಚರು ಬಾಯಿ ಬಿಡುವ ಹೊತ್ತು ಬಂತು. ಸೋಮಪ್ಪ, ಕೆಲಸ ಬಿಡಿಸಬೇಕು ಎಂದ. ತಾಯವ್ವ ನಿಟ್ಟುಸಿರು ಬಿಟ್ಟು ಅದನ್ನೇ ಅಂದಳು. ಉಳಿದಿಬ್ಬರು ಮನೆಗೆ ಹೋಗುವ ಅವಸರದಲ್ಲಿದ್ದರು, ತಲೆಯಾಡಿಸಿದರು. ಐದನೆಯ ಬಾಯಿ ದ್ರಾಕ್ಷಾಯಣಿಯದು.

ಮುಮ್ತಾಜ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಇಷ್ಟೆಲ್ಲ ಕೇಳಿದವಳು ಒಲ್ಲೆ ಎಂದೇ ಅನ್ನುತ್ತಾಳೆ ಎಂಬ ಆಸೆ ಆ ಕಣ್ಣುಗಳಲ್ಲಿತ್ತು. ದ್ರಾಕ್ಷಾಯಣಿ ಗುಂಪಿನ ಹಿಂದೆ ನೋಡಿದಳು. ಶರಣಬಸವ ಕೈಕಟ್ಟಿ ನಿಂತಿದ್ದ. ಒಲ್ಲೆ ಎಂದರೆ ಕಾರಣ ಕೊಡಬೇಕು.

"ಬಿಡಿಸ್ರಿ," ಎಂದಳು.

ಆಸಿಮ ಆಗ ತಲೆ ಎತ್ತಿ ಅವಳನ್ನು ನೋಡಿದ. ಸಿಟ್ಟಿರಲಿಲ್ಲ. ಆಟೊದತ್ತ ಹೋಗಿ, ಯಾವುದೋ ಮಗು ಮರೆತುಬಿಟ್ಟಿದ್ದ ನೀರಿನ ಬಾಟಲಿಯನ್ನು ತಂದು ಅದರ ತಾಯಿಯ ಕೈಗೆ ಕೊಟ್ಟ. ಮುಮ್ತಾಜಳ ತೋಳು ಹಿಡಿದು ನಡೆಸಿಕೊಂಡು ಹೋದ.

ಶುಕ್ರವಾರ ಮಧ್ಯಾಹ್ನ ಹಳಿಯಾಳದ ಹೆರಿಗೆ ಆಸ್ಪತ್ರೆಯಲ್ಲಿ ರಾಜಶ್ರೀಯ ಹಸಿಗೂಸನ್ನು ಎದೆಗೊತ್ತಿಕೊಂಡು ಅತ್ತು, ಆಟೊದ ಪರದೆ ಇಳಿಸಿ ಕೂತು, "ಯಾರ ಮುಂದೂ ಅನಬ್ಯಾಡಪಾ" ಎಂದು ಆಸಿಮನಿಂದ ಮಾತು ತೆಗೆದುಕೊಂಡವಳು ದ್ರಾಕ್ಷಾಯಣಿ.