ಮೇಜಿನ ಮೇಲಿದ್ದ ಅಯಸ್ಕಾಂತ

"ಪೈಪಿಗೆ ಕಳಪೆ ಕಬ್ಬಿಣದ ಕ್ಲಿಪ್ಪು ಹಾಕಿ ನನ್ನ ಕಣ್ಣಿಗೆ ಮಣ್ಣೆರಚೋಕೆ ನೋಡ್ತೀಯಾ?" ಎಂದರು ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಬಿಳಿ ಮರಳಿನ ಮೇಲೆ, ಅಂಗೈಯಗಲ ತುಕ್ಕಿನ ಕಲೆ ಹಬ್ಬಿತ್ತು.

"ನಾನು ಹಾಕಿದ್ದೆಲ್ಲ ಪ್ಲಾಸ್ಟಿಕ್ಕು ಸಾರ್. ಉಪ್ಪುನೀರಿಗೆ ಕಬ್ಬಿಣ ಯಾರು ಹಾಕ್ತಾರೆ?" ಎನ್ನುತ್ತ ಅಕ್ವೇರಿಯಂ ರಿಪೇರಿಯವನು ಡಾಕ್ಟರ ಮೇಜಿನ ಮೇಲೆ ಸದಾ ಬಿದ್ದಿರುವ, ನೀರಿಗಿಳಿಸಿ ಒಳಗಾಜಿನ ಪಾಚಿ ಉಜ್ಜುವ ಅಯಸ್ಕಾಂತವನ್ನು ಎತ್ತಿಕೊಂಡು ಮರಳಿನೊಳಗೆ ಆಡಿಸಿದ. ಡಾಕ್ಟರು ಅವನ ಬೆರಳುಗಳನ್ನೇ ಗಮನಿಸುತ್ತ ನಿಂತರು. ಕಳೆದ ತಿಂಗಳಿಂದ ಅವರು ಯಾರ ಕೈಯನ್ನೂ ನಂಬುತ್ತಿರಲಿಲ್ಲ. ಹತ್ತು ವರ್ಷ ಜೊತೆಗಿದ್ದ ಸಿಸ್ಟರೇ ಔಷಧಿ ಕಪಾಟಿನ ಕೀಲಿಕೈ ಕದ್ದು, "ನಿಮ್ಮ ಮೇಜಿನ ಮೇಲೇ ಇಟ್ಟೆ ಡಾಕ್ಟ್ರೇ" ಎಂದು ಸಾಧಿಸಿದ್ದಳು. ಅಂದೇ ಅವಳನ್ನು ಕೆಲಸದಿಂದ ತೆಗೆದಿದ್ದರು.

ಅಯಸ್ಕಾಂತ ಮೇಲೆ ಬಂತು. ಅದನ್ನು ಕಚ್ಚಿಕೊಂಡು, ತುಕ್ಕು ಹಿಡಿದು ಉಬ್ಬಿದ ಒಂದು ಕೀಲಿಕೈಯೂ ಬಂತು. ಹಳೇ ಸಿಸ್ಟರ್ ಗುರುತಿಗೆಂದು ಕಟ್ಟಿದ್ದ ಹಸಿರು ದಾರ ಅದರಲ್ಲಿನ್ನೂ ಇತ್ತು.

"ಹೀಗೇ ಅಂಟಿಕೊಂಡು ಒಳಗೆ ಹೋಗಿರತ್ತೆ ಸಾರ್. ದಿನಾ ಗಾಜು ಉಜ್ಜೋದು ಯಾರು?"

ಡಾಕ್ಟರು ಅಭ್ಯಾಸಬಲದಿಂದ, ಬಾಗಿಲಲ್ಲಿ ನಿಂತಿದ್ದ ಹೊಸ ಸಿಸ್ಟರ್ ಕಡೆ ತಿರುಗಿ ದುರುಗುಟ್ಟಿ ನೋಡಿದರು.

"ನೀವು ಬೇರೆ ಯಾರಿಗೂ ಆ ಅಯಸ್ಕಾಂತಾನ ಮುಟ್ಟೋಕೇ ಬಿಡಲ್ವಲ್ಲ ಡಾಕ್ಟ್ರೇ," ಎಂದಳು ಅವಳು.